ಜೀವ ಇರುವ ಪುಡಿ

ಬಳ್ಳಾರಿಯ ಗಾಂಧಿನಗರದಲ್ಲಿ ಮನೆ, ಸಿರುಗುಪ್ಪ-ಕುರುಗೋಡಿನ ಹೊಲಗಳಲ್ಲಿ ನೌಕರಿ. ರೈತರಿಗೆ ಜೀವಾಣು ಗೊಬ್ಬರ ಹಂಚುವ ನಾನು ನಗೆಪಾಟಲಾಗದ ವಾರವೇ ಇಲ್ಲ. ಪೊಟ್ಟಣದಲ್ಲಿ ಕಾಣುವುದು ಬರೀ ಕರಿ ಪುಡಿ; ಒಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಬೀಜಕ್ಕೆ ಹಚ್ಚಿ ಬಿತ್ತಿದರೆ ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕವನ್ನು ಬೆಳೆಗೆ ಉಣಿಸುತ್ತವೆ. ಇಷ್ಟು ಹೇಳುವುದರಲ್ಲೇ ನನ್ನ ಕೂದಲು ಬೆಳ್ಳಗಾಗಿದೆ.

೧. ಟಿಕೆಟು

ಕರೂರಿನಲ್ಲಿ ಹೆಸರುಕಾಳು ಬಿತ್ತುವವರಿಗೆಂದು ಒಂದು ಪೆಟ್ಟಿಗೆ ಪೊಟ್ಟಣ ಹೊತ್ತು ಸಿರುಗುಪ್ಪದಲ್ಲಿ ಬಸ್ಸು ಹತ್ತಿದೆ. ಅದನ್ನು ಇಂಜಿನ್ ಪಕ್ಕ ಇಡಿ ಎಂದ ಕಂಡಕ್ಟರ್.

"ಬ್ಯಾಡ್ರಿ, ಕಾವಿಗೆ ಸಾಯ್ತಾವ. ಒಳಗ ಜೀವ ಅದಾವ."

"ಕೋಳಿ ಏನ್ರಿ? ಕೋಳಿಗೆ ಟಿಕೆಟ್ ಐತಿ."

"ಕೋಳಿ ಅಲ್ರಿ. ಕಣ್ಣಿಗೆ ಕಾಣಂಗಿಲ್ಲ. ಕೋಟಿಗಟ್ಲೆ ಅದಾವ."

ಅವನು ಟಿಕೆಟ್ ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ತೊಡಿ ಮ್ಯಾಲ ಇಟ್ಕೊಂಡು ಕುಂಡ್ರಿ. ತೊಡಿ ಮ್ಯಾಲಿನ ಕೂಸಿಗೆ ಟಿಕೆಟ್ ಇಲ್ಲ."

೨. ಮನೆ ಅಳಿಯ

ಕುರುಗೋಡಿನಲ್ಲಿ ಒಬ್ಬ ಹಿರಿಯರು, ಲಿಂಗಪೂಜೆ ಆಗದೆ ನೀರು ಮುಟ್ಟದವರು. ಅವರು ಏನು ಬಿತ್ತಿದರೆ ಉಳಿದವರೂ ಅದನ್ನೇ ಬಿತ್ತುತ್ತಿದ್ದರು. ಅವರ ಹೊಲದಲ್ಲಿ ನಾನು ಸೋತರೆ ಆ ಕಡೆ ಮತ್ತೆ ತಲೆ ಹಾಕುವಂತಿರಲಿಲ್ಲ.

"ಜೀವ ಅದಾವ ಅಂತೀರಿ. ಮಣ್ಣಾಗ ಹುಗಿದ್ರ ಪಾಪ ಬರಂಗಿಲ್ಲೇನ್ರಿ?"

"ಮಣ್ಣ ಅವುಕ್ಕ ಮನಿ ರೀ ಅಜ್ಜಾರ. ಬೇರಿನಾಗ ಇರ್ತಾವ, ಅಲ್ಲೇ ಉಣ್ತಾವ, ಬೆಳಿಗಿ ದುಡೀತಾವ."

"ಅಂದ್ರ ಮನಿ ಅಳಿಯ ಇದ್ದಂಗ."

ಒಳಗಿನಿಂದ ಅಜ್ಜಿಯ ದನಿ ಬಂತು. "ದುಡೀತಾವ ಅಂದ್ರಲ್ಲ, ಕೇಳಿಸ್ಲಿಲ್ಲೇನು?"

ಮಂಚದ ಮೇಲೆ ಮಲಗಿದ್ದ ಅಳಿಯ ಗೋಡೆ ಕಡೆ ಹೊರಳಿದ.

೩. ಬೇರು ಕಿತ್ತ ದಿನ

ಹಿರಿಯರ ಹೊಲ ವರ್ಷಗಟ್ಟಲೆ ಹತ್ತಿ, ಮೆಣಸಿನಕಾಯಿ ಕಂಡದ್ದು. ಕಡಲೆ ಅದೇ ಮೊದಲು. ಬೆಲ್ಲದ ನೀರಿನಲ್ಲಿ ಪುಡಿ ಕಲಸಿ ಅರ್ಧ ಹೊಲದ ಬೀಜಕ್ಕಷ್ಟೇ ಹಚ್ಚಿ, ಉಳಿದರ್ಧ ಹೋಲಿಸಿ ನೋಡಲು ಬಿಡಿ ಎಂದು ಮೂರು ಸಲ ಹೇಳಿ ಬಂದಿದ್ದೆ.

ಹೂ ಬಿಡುವ ಹೊತ್ತಿಗೆ ಊರವರನ್ನು ಸೇರಿಸಿದೆ. ಪುಡಿ ಹಚ್ಚಿದ ಕಡೆ ಗಿಡ ಕಿತ್ತರೆ ಬೇರಿನ ತುಂಬ ಗಂಟು. ಹಚ್ಚದೆ ಬಿಟ್ಟ ಕಡೆಯದನ್ನೂ ಹಿಗ್ಗಿನಿಂದ ಕಿತ್ತೆ. ಅಲ್ಲೂ ಅಷ್ಟೇ ಗಂಟು.

"ಹಂಗಾದ್ರ ನಿಮ್ಮ ಪುಡಿ ಯಾಕ ಬೇಕ್ರಿ?" ಎಂದ ಪಕ್ಕದ ಹೊಲದವನು. ಅವನೂ ಅದೇ ಮೊದಲು ಕಡಲೆ ಬಿತ್ತಿದ್ದ, ಆದರೆ ನನ್ನ ಪೊಟ್ಟಣ ಬೇಡವೆಂದಿದ್ದ.

ಹಿರಿಯರು ಮೆಲ್ಲಗೆ ಬಾಯಿ ಬಿಟ್ಟರು. "ಎಲ್ಲಾದಕ್ಕೂ ಹಚ್ಚೀನ್ರಿ. ಒಂದ ಪಂಕ್ತಿಗಿ ಕುಂತವರೊಳಗ ಒಬ್ರಿಗೆ ಬಡಿಸಿ ಒಬ್ರಿಗೆ ಬಿಡಾಕ ಬರ್ತೈತೇನ್ರಿ? ನಮ್ಮ ಮನಿತನದಾಗ ಪಂಕ್ತಿಭೇದ ಇಲ್ಲ."

ಪಕ್ಕದವನು ಬದು ದಾಟಿ ತನ್ನದೊಂದು ಗಿಡ ಕಿತ್ತು ತಂದ. ಬೇರು ಬೋಳು. ಅದನ್ನೇ ನೋಡುತ್ತ, "ಹೋಲ್ಸಾಕ ಬಿಟ್ಟಿದ್ದು ನನ್ನ ಹೊಲ ಅನ್ರಿ" ಎಂದ. ನನಗೆ ಹೋದ ಜೀವ ಬಂತು.

ಮರುವರ್ಷ ಊರಿಗೂರೇ ಪೊಟ್ಟಣ ಒಯ್ದಿತು. ಹೋಲಿಸಲು ಒಂದು ಪಟ್ಟಿ ನೆಲವಾದರೂ ಬಿಡಿ ಎಂದು ಮನೆಮನೆ ಬೇಡಿದರೂ ಒಬ್ಬರೂ ಒಪ್ಪಲಿಲ್ಲ. ವರದಿಯ ಫಾರಮಿನಲ್ಲಿ 'ಹೋಲಿಕೆಗೆ ಬಿಡದಿದ್ದರೆ ಕಾರಣ' ಎಂಬ ಕಾಲಂ ಇತ್ತು. ಬೇರೇನೂ ಹೊಳೆಯದೆ 'ಪಂಕ್ತಿಭೇದವಾಗುತ್ತದೆ' ಎಂದು ಬರೆದು, ಬೈಗುಳಕ್ಕೆ ಕಾದು ಕೂತೆ.

ನಾಲ್ಕು ದಿನಕ್ಕೆ ಬಳ್ಳಾರಿಯ ಕಚೇರಿಯಿಂದ ಫಾರಂ ವಾಪಸು ಬಂತು. ಸಾಹೇಬರು ಸಹಿ ಹಾಕಿ ಕೆಳಗೆ ಬರೆದಿದ್ದರು: 'ಪರಿಶೀಲಿಸಿದೆ. ಸಿರುಗುಪ್ಪದವರಿಗೂ ಹೀಗೆಯೇ ಬಡಿಸುವುದು.'