ಮಾವನ ಕಾರಿನ ಹೊಗೆ

ಅತಿಬುದ್ಧಿವಂತರು ಕೆಡುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ನಮ್ಮ ಗುಮಾಸ್ತರಿಗೆ ಎರಡು ರಬ್ಬರ್ ಪೈಪು ಸಾಕಾದವು.

ಕಾರು ಮಾವನದು, ಅಂದರೆ ಹೆಂಡತಿಯ ತಂದೆಯದು. ಅಳಿಯನಿಗೆ ಕೊಟ್ಟಿದ್ದರೇ ಹೊರತು ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಂದು ಒಳಗೆ ಕೂತುಬಿಡುವರು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕಾರು ಚಳಿಜ್ವರ ಬಂದವರ ಹಾಗೆ ನಡುಗಿ, ಕರಿ ಹೊಗೆ ಕಕ್ಕಿ ಆರಿಹೋಗುವುದು. ಗುಮಾಸ್ತರು ಇಳಿದು ತಳ್ಳಬೇಕು. ಮಾವ ಸ್ಟೀರಿಂಗ್ ಹಿಡಿದು, ಮನೆಯಲ್ಲಿ ಊಟ ಸರಿಯಾಗಿ ಹಾಕುತ್ತಿಲ್ಲವೇ ಎಂದು ಕಿಟಕಿಯಿಂದ ವಿಚಾರಿಸುವರು. ಮೈಮರೆತು ಮಲಗಿದ ಒಂದು ಭಾನುವಾರವೂ ಗುಮಾಸ್ತರಿಗೆ ನೆನಪಿರಲಿಲ್ಲ.

ಆ ದಿನ ಕಾರಿಗೆ ಹೊಗೆ ಪರೀಕ್ಷೆಯಿತ್ತು. ಪ್ರತಿ ವರ್ಷ ಅದು ಕೂದಲೆಳೆಯಲ್ಲಿ ಪಾಸಾಗುತ್ತಿತ್ತು. ಫೇಲಾದ ದಿನ ನಾನೇ ಗುಜರಿಗೆ ಹಾಕುತ್ತೇನೆ ಎಂದು ಮಾವ ಎದೆ ತಟ್ಟಿ ಹೇಳಿದ್ದರು. ಈ ಸಲ ಆ ಕೂದಲೆಳೆಯನ್ನೇ ಕತ್ತರಿಸಿಬಿಡೋಣವೆಂದು ಗುಮಾಸ್ತರು ಎಲ್ಲರಿಗಿಂತ ಮುಂಚೆ ಎದ್ದು ಬಾನೆಟ್ ಎತ್ತಿದರು.

ಎಂಜಿನ್ ಗಾಳಿ ಎಳೆಯುವ ಸೆಳೆತವನ್ನು ಅಲ್ಲಲ್ಲಿಗೆ ಮುಟ್ಟಿಸುವ ಸಣ್ಣ ರಬ್ಬರ್ ಪೈಪುಗಳು ಅಲ್ಲಿದ್ದವು. ಒಂದು ಕಿಡಿ ಹಾರುವ ಹೊತ್ತನ್ನು ತಿದ್ದುತ್ತದೆ, ಇನ್ನೊಂದು ಹೊಗೆ ತಗ್ಗಿಸುವ ವಾಲ್ವನ್ನು ತೆರೆಯುತ್ತದೆ. ಇವನ್ನೆಲ್ಲ ಮಾವ ಹಿಂದೊಮ್ಮೆ ಸ್ವಹಸ್ತದಿಂದ ಜೋಡಿಸಿದ್ದರು, ಆ ಕತೆಯನ್ನು ವಾರಕ್ಕೊಮ್ಮೆ ಹೇಳುತ್ತಲೂ ಇದ್ದರು. ಗುಮಾಸ್ತರು ಆ ಎರಡನ್ನೂ ಕಿತ್ತು, ಇದನ್ನು ಅಲ್ಲಿಗೆ ಅದನ್ನು ಇಲ್ಲಿಗೆ ಸಿಕ್ಕಿಸಿದರು. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನಂತೆ ಇನ್ನೇನು ಬಾನೆಟ್ ಮುಚ್ಚಬೇಕು, ಪಕ್ಕದ ಮನೆಯ ಕಾಂಪೌಂಡರ್ ಪ್ರತ್ಯಕ್ಷನಾದ.

ಈ ಮನುಷ್ಯನಿಗೆ ಕರೆಯದೆ ಬರುವುದೊಂದು ಕಸುಬು. ಪೈಪುಗಳನ್ನು ನಾಡಿ ಹಿಡಿದಂತೆ ಒಂದೊಂದಾಗಿ ಹಿಡಿದು ಬಗ್ಗಿಸಿ ನೋಡಿದ.

"ಎಲ್ಲಾ ಬಿರುಕು ಬಿಟ್ಟಿದೆಯಲ್ರೀ. ಗಾಳಿ ಸೋರಿದ್ರೆ ಗಾಡಿ ಹೆಂಗೆ ಪಾಸಾಗುತ್ತೆ?"

ಪಾಸಾಗಬಾರದು ಎಂದು ಹೇಳುವಂತಿಲ್ಲ. ಕಾಂಪೌಂಡರ್ ಓಡಿಹೋಗಿ, ರಕ್ತದೊತ್ತಡ ನೋಡುವ ಯಂತ್ರಕ್ಕೆಂದು ತಂದಿಟ್ಟಿದ್ದ ರಬ್ಬರ್ ಪೈಪಿನ ಸುರುಳಿ ತಂದ. ಹಳೆಯದು ಎಲ್ಲಿತ್ತೋ ಅಲ್ಲಿಗೇ ಹೊಸದನ್ನು ಕತ್ತರಿಸಿ ಹಾಕಿದ. ಹಾಕುವಾಗ ವಾಲ್ವಿನ ಒಳಗೆಲ್ಲ ಮಸಿ ಕಟ್ಟಿರುವುದು ಕಂಡು ಅದನ್ನೂ ಬಿಚ್ಚಿದ.

ಮಹಡಿಯ ಅಜ್ಜಿ ಇಳಿದು ಬಂದರು. ಮಸಿ ಹಿಡಿದ ಸಾಮಾನು ಕಂಡರೆ ಅವರ ಕೈ ಸುಮ್ಮನಿರದು. ಬೇಡ ಅಜ್ಜಿ ಎಂದು ಗುಮಾಸ್ತರು ಗೋಗರೆದರೂ ಕೇಳದೆ, ವಾಲ್ವನ್ನು ಕಸಿದುಕೊಂಡು ತಂತಿಯ ನಾರಿನಿಂದ ಫಳಫಳ ಹೊಳೆಯುವಂತೆ ತಿಕ್ಕಿ ಕೊಟ್ಟರು. ಅಷ್ಟರಲ್ಲಿ ಹೆಂಡತಿಯೂ ಬಾಗಿಲಿಗೆ ಬಂದಳು. ಗಂಡನ ಮಸಿ ಕೈ ನೋಡಿ ಅವಳ ಕಣ್ಣು ತುಂಬಿತು.

"ಅಪ್ಪನ ಕಾರಂದ್ರೆ ನಿಮಗೆ ಇಷ್ಟು ಪ್ರೀತಿ ಅಂತ ಗೊತ್ತೇ ಇರ್ಲಿಲ್ಲ ಕಣ್ರೀ."

ಗುಮಾಸ್ತರು ಹಲ್ಲುಕಿರಿದರು. ಆದರೂ ಒಳಗೊಳಗೆ ಧೈರ್ಯವಿತ್ತು. ಪೈಪು ಹೊಸದಾದರೇನು, ಜೋಡಣೆ ತಪ್ಪೇ ತಾನೆ? ಪುಣ್ಯಾತ್ಮರು ತಪ್ಪು ಜಾಗಕ್ಕೇ ಭದ್ರವಾಗಿ ಸಿಕ್ಕಿಸಿ ಕೊಟ್ಟಿದ್ದರು.

ಮಾವನನ್ನು ಕೂರಿಸಿಕೊಂಡು ಹೊರಟರು. ಸಿಗ್ನಲ್ಲಿನಲ್ಲಿ ಕಾರು ನಡುಗಲಿಲ್ಲ, ಸದ್ದೂ ಇಲ್ಲ. ಸತ್ತಿತೆಂದು ಗುಮಾಸ್ತರು ಖುಷಿಯಿಂದ ಇಳಿದು ಹಿಂದೆ ಹೋಗಿ ಭುಜ ಕೊಟ್ಟರು. ಕೊಳವೆಯಿಂದ ಬೆಚ್ಚನೆಯ ಗಾಳಿ ಕಾಲಿಗೆ ತಾಗಿತು. ಎಂಜಿನ್ ಓಡುತ್ತಲೇ ಇತ್ತು.

ಪರೀಕ್ಷಕ ಹೊಗೆ ಕೊಳವೆಗೆ ಸಲಾಕೆ ತೂರಿಸಿದ, ಯಂತ್ರ ನೋಡಿದ, ನಂಬಿಕೆ ಬಾರದೆ ಮತ್ತೆ ತೂರಿಸಿದ. ಆಮೇಲೆ ಬಾನೆಟ್ ಎತ್ತಿ, ಅದರ ಒಳಬದಿಗೆ ಕಂಪನಿಯವರು ಅಂಟಿಸಿದ್ದ ಚಿತ್ರಕ್ಕೂ ಪೈಪುಗಳಿಗೂ ತಾಳೆ ನೋಡಿದ.

"ಹೊಸ ಗಾಡಿ ಥರ ಇದೆ, ಪಾಸು. ಹೋದ ವರ್ಷ ನೋಡಿದಾಗ ಇವೆರಡೂ ಅದಲು ಬದಲಾಗಿದ್ವು. ಯಾವ ಬೃಹಸ್ಪತಿ ಹಾಕಿದ್ನೋ ಏನೋ. ಈಗ ಚಿತ್ರದಲ್ಲಿ ಇರೋ ಹಾಗೇ ಇದೆ. ಯಾರು ಸರಿ ಮಾಡಿದ್ದು?"

ಬೃಹಸ್ಪತಿಗಳು ಆಕಾಶ ನೋಡಿದರು. ಗುಮಾಸ್ತರು ಇಂಗು ತಿಂದ ಮಂಗನಂತೆ ನಿಂತಿದ್ದರು.

ಮಾವ ಬೇಗನೆ ಚೇತರಿಸಿಕೊಂಡರು. ಅಂಥವರಿಗೆ ಅವಮಾನ ಹೆಚ್ಚು ಹೊತ್ತು ಅಂಟುವುದಿಲ್ಲ. ಅಳಿಯನ ಉಗುರಿನ ಮಸಿ ನೋಡಿ, ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು.

"ಅಳಿಯಂದ್ರೇ, ನಿಮ್ಮ ಕೈಲಿ ಇಷ್ಟು ವಿದ್ಯೆ ಇದೆ ಅಂತ ನಂಗೆ ತಿಳೀಲೇ ಇಲ್ಲ. ಇದರ ಜೋಡಿ ಗಾಡಿ ಇನ್ನೊಂದು ನಮ್ಮ ಶೆಡ್ಡಲ್ಲಿ ಬಿದ್ದಿದೆ. ಅದಕ್ಕೆ ಎಂಜಿನ್ ಇದೆ, ಬ್ರೇಕ್ ಇಲ್ಲ. ತಕ್ಕ ಕೈ ಸಿಗ್ಲಿ ಅಂತ ಇಷ್ಟು ದಿನ ಕಾದೆ. ಇನ್ಮೇಲೆ ಶನಿವಾರಾನೂ ಬಂದ್ಬಿಡ್ತೀನಿ."