ಎಡಗಡೆ ಸೀಟಿನ ಗಂಡುಗಲಿ

ನಮ್ಮ ಕಾಕಾನಂಥ ಗಂಡುಗಲಿ ಇಡೀ ಇರಕಲ್ಲಗಡದಲ್ಲಿ ಇನ್ನೊಬ್ಬರಿಲ್ಲ. ನಂಬಿಕೆ ಬರದಿದ್ದರೆ ಅವರನ್ನೇ ಕೇಳಿ! ಬಚ್ಚಲಿನಲ್ಲಿ ಹಲ್ಲಿ ಕಂಡಾಗ ಮಾತ್ರ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕೂಗಿ ಕರೆಯುತ್ತಾರೆ. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ, "ನಂದ ತಪ್ಪಾತ್ರಿ, ಕಾಲು ಅಲ್ಲಿ ಇಡಬಾರದಿತ್ತು" ಎಂದು ಇವರೇ ಕ್ಷಮೆ ಕೇಳುತ್ತಾರೆ. ನಮ್ಮ ಮನೆಯ ಹಿರಿಯರಾದ ದೊಡ್ಡಪ್ಪನ ಎದುರು ಅವರು ಯಾವಾಗಲೂ ಕುರ್ಚಿಯ ತುದಿಯಲ್ಲೇ ಕೂತವರು. ಹಿಂದಿನ ಮುಕ್ಕಾಲು ಕುರ್ಚಿಯನ್ನು ಆ ಬಡಿಗ ಸುಮ್ಮನೆ ಮಾಡಿದ ಪಾಪ! ಇಂಥವರು ಒಂದು ದಿನ ಬಂಡಾಯವೆದ್ದರು. ಎಬ್ಬಿಸಿದ್ದು ಟೀವಿಯಲ್ಲಿ ಬರುತ್ತಿದ್ದ ಕಾರಿನ ಜಾಹೀರಾತು.

ಅದಕ್ಕೂ ಮೊದಲು ಕಾಕುವಿನ ವಿಷಯ ಹೇಳಬೇಕು. ಕಾಕು ಶಾಲೆಯ ಟೀಚರ್. ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಬೇಸಿಗೆಯಲ್ಲಿ ಅವರಿಗೆ ನಮ್ಮೂರಿನಿಂದ ಬೇವೂರು ಕಡೆಯ ಹಳ್ಳಿಗೆ ವರ್ಗವಾಯಿತು. ಆ ಕಡೆ ಹೋಗುವ ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಅದಕ್ಕೂ ಶಾಲೆಯ ಗಂಟೆಗೂ ಆಗಿಬರುತ್ತಲೇ ಇರಲಿಲ್ಲ. ದೊಡ್ಡಪ್ಪ ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟರು.

"ನೌಕರಿ ಬಿಡಸಪಾ ತಮ್ಮಾ. ಮನಿ ಹೆಣ್ಮಗಳು ದಿನಾ ಕ್ರಾಸಿನ್ಯಾಗ ಬಸ್ಸಿಗೆ ಕಾಯಕೋಂತ ನಿಂತ್ರ ಛಲೋ ಕಾಣಂಗಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ತಾಟು ನೋಡುತ್ತಲೇ, "ಗಾಡಿ ತಗೊಂಡು ನಾನ ಬಿಟ್ಟು ಬರ್ತೀನ್ರಿ ಅಣ್ಣಾ" ಎಂದರು.

"ನೀನು? ಗಾಡಿ ಹೊಡಿತೀ?" ದೊಡ್ಡಪ್ಪ ನಕ್ಕರು. "ಆತು. ಸಾಲಿ ಚಾಲೂ ಆಗೂ ಮಟ ನೋಡ್ತೀನಿ. ಆಗಲಿಲ್ಲಂದ್ರ ರಾಜೀನಾಮಿ."

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಆದರೆ ಅವತ್ತಿನ ರೊಟ್ಟಿಗಳು ಕಾಗದದಷ್ಟು ತೆಳ್ಳಗಾಗಿದ್ದವು. ಕಾಕು ಅಷ್ಟು ಜೋರಾಗಿ ಬಡಿದಿದ್ದರು.

ಆಗಲೇ ಕಾಕಾ ಆ ಜಾಹೀರಾತನ್ನು ನೋಡಿದ್ದು. ಗಡ್ಡದವನೊಬ್ಬ, ಮೈಮೇಲೆ ತೊಗಲಿನ ಜಾಕೆಟ್ಟು, ಕಣ್ಣಿಗೆ ಕರೀ ಕನ್ನಡಕ. ಕೊರಳಿನ ಟೈ ಕಿತ್ತು ಕಿಟಕಿಯಿಂದ ಹೊರಗೆ ಎಸೆಯುತ್ತಾನೆ, ರಸ್ತೆ ಬಿಟ್ಟು ಹೊಳೆಯಲ್ಲೇ ನುಗ್ಗುತ್ತಾನೆ. ಮೇಲೊಂದು ಹದ್ದು ಕೂಗುತ್ತದೆ. ರಸ್ತೆಗಳೆಲ್ಲ ಹೇಳಿದ ಮಾತು ಕೇಳುವವರಿಗೆ, ನಿನಗಲ್ಲ ಎಂದು ಹಿನ್ನೆಲೆಯಲ್ಲಿ ಒಂದು ಗಡಸು ಧ್ವನಿ ಹೇಳುತ್ತದೆ. ಆ ಗಾಡಿಯಲ್ಲಿ ಹೆಂಡತಿಯಿಲ್ಲ, ಮಕ್ಕಳಿಲ್ಲ, ಒಂದು ಬುತ್ತಿಗಂಟೂ ಇಲ್ಲ. ಪಕ್ಕದ ಸೀಟು ಖಾಲಿ! ಅವನು ಮಧ್ಯಾಹ್ನ ಏನು ಉಣ್ಣುತ್ತಾನೆ, ಹೊಳೆ ದಾಟಿ ಯಾರ ಮನೆಗೆ ಹೋಗುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಆಸನ, ಎಷ್ಟು ಮೈಲೇಜು ಎಂದೂ ಹೇಳುವುದಿಲ್ಲ. ಆ ಮಂದಿ ಮಾರುವುದು ಗಾಡಿಯನ್ನಲ್ಲ ನೋಡಿ, ಮೀಸೆಯನ್ನು. ಜೀವನಪೂರ್ತಿ ಹೇಳಿದ ಮಾತು ಕೇಳಿದ್ದ ನಮ್ಮ ಕಾಕಾನ ಎದೆಗೆ ಅದು ಸೀದಾ ನಾಟಿತು.

ಬಂಡಾಯದ ಗಾಡಿ ಕೊಳ್ಳಲು ಮೊದಲು ದೊಡ್ಡಪ್ಪನ ಅಪ್ಪಣೆ ಕೇಳಿದರು. ಆಮೇಲೆ ಅಯ್ನೋರ ಹತ್ತಿರ ಒಳ್ಳೇ ಗಳಿಗೆ ಕೇಳಿದರು. ಗಂಗಾವತಿಯ ಷೋರೂಮಿನಲ್ಲಿ ಕಾಕುವಿಗೆ ಒಂದು ಸಣ್ಣ ಕಾರು ಹಿಡಿಸಿತು. "ಇದ ಸಾಕ್ರಿ, ನಮ್ಮ ಓಣ್ಯಾಗ ಹಿಡಿತೈತಿ" ಎಂದರು. ಅಲ್ಲಿನ ಸೇಲ್ಸ್‌ಮನ್ ಬಿಡಬೇಕಲ್ಲ!

"ಸರ್, ಅದು ಲೇಡೀಸ್ ಗಾಡಿ. ನಿಮ್ಮಂಥಾ ಗಂಡಸ್ರಿಗೆ ಇದು ನೋಡ್ರಿ!"

ಅವನು ಯಾವ ಗಂಡಸಿಗೆ ಹೇಳಿದನೆಂದು ಕಾಕಾ ಒಮ್ಮೆ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಬಗಲಲ್ಲಿದ್ದ ಕೊಡೆಯನ್ನು ಕಾಕುವಿನ ಕೈಗೆ ಕೊಟ್ಟು ದೊಡ್ಡ ಗಾಡಿಗೇ ಒಪ್ಪಿಬಿಟ್ಟರು. ಯಾರಪ್ಪನಿಗೂ ಹೆದರದ ಆ ಗಾಡಿ ಮೊದಲು ಹನುಮನಹಳ್ಳಿಗೆ ಹೋಗಿ, ದೇವರ ಗುಡ್ಡದ ಕೆಳಗೆ ನಿಂತು ಕಾಯಿ ಒಡೆಸಿಕೊಂಡು, ದೃಷ್ಟಿಯಾಗದಿರಲಿ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿಕೊಂಡು ಮನೆಗೆ ಬಂತು.

ಗಾಡಿ ಬಂದ ಮೇಲೆ ವೇಷ ಬೇಡವೇ? ಕರೀ ಕನ್ನಡಕ ಬಂತು. ತೊಗಲಿನ ಜಾಕೆಟ್ಟೂ ಬಂತು. ಅದೂ ನಮ್ಮ ಕಡೆಯ ಮೇ ತಿಂಗಳಲ್ಲಿ! ಮನೆಯ ನಾಯಿ ಗಡಿಗೆಯ ನೆರಳಿನಲ್ಲಿ ಮಲಗಿ ತೇಕುತ್ತಿದ್ದರೆ, ಕಾಕಾ ಜಾಕೆಟ್ಟಿನ ಜಿಪ್ಪು ಎಳೆದುಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಅಷ್ಟಕ್ಕೇ ಬಿಡಲಿಲ್ಲ, ಗಡ್ಡ ಬಿಟ್ಟರು. ಜಾಹೀರಾತಿನವನು ನಗುವುದಿಲ್ಲವೆಂದು ನಗುವುದನ್ನೂ ಬಿಟ್ಟರು. ನಮ್ಮ ಕಡೆ ಗಂಡಸು ಗಡ್ಡ ಬಿಟ್ಟು, ಮೋರೆ ಸಪ್ಪಗೆ ಮಾಡಿಕೊಂಡು ತಿರುಗಿದರೆ ಏನರ್ಥ? ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಅಷ್ಟೇ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಕುಷ್ಟಗಿ ಮುಟ್ಟಿತು. ಅಲ್ಲಿಂದ ನಮ್ಮ ದೂರದ ಅಜ್ಜಿಯೊಬ್ಬಳು ಬಾಗಿಲಿನಿಂದಲೇ, "ಎಂಥಾ ದೊಡ್ಡ ಜೀವ ಹೋತಲ್ಲೋ ಯಪ್ಪಾ!" ಎಂದು ಎದೆ ಬಡಿದುಕೊಳ್ಳುತ್ತಾ ಬಂದಳು. ಒಳಗೆ ದೊಡ್ಡಪ್ಪ ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದರು. ಅಜ್ಜಿಯ ಅಳು ಅರ್ಧಕ್ಕೇ ನಿಂತಿತು.

"ಅಯ್ಯ, ನೀ ಇದ್ದೀಯಲ್ಲೋ! ಹಂಗಾರ ಹೋದೋರ್ ಯಾರು?"

ಅವತ್ತೇ ಸಂಜೆ ದೊಡ್ಡಪ್ಪ ಮುಂದೆ ನಿಂತು ಕಾಕಾನ ಗಡ್ಡ ತೆಗೆಸಿದರು.

ಏಕಾಂಗಿ ಗಂಡಿನ ಸವಾರಿಯೂ ಹೀಗೇ ಆಯಿತು. "ಇವತ್ತ ಯಾರೂ ಬರಬ್ಯಾಡ್ರಿ, ನಾ ಒಬ್ಬನ ಹೋಗಾಂವ" ಎಂದು ಒಂದು ಮುಂಜಾನೆ ಕೊಪ್ಪಳಕ್ಕೆ ಹೊರಟರು. ಊರಬಾಗಿಲ ಅಗಸಿ ದಾಟುವಷ್ಟರಲ್ಲಿ ಯಾರೋ ಕೈ ಮಾಡಿದರು. ಕೈ ಮಾಡಿದವರಿಗೆ ಇಲ್ಲ ಎನ್ನುವ ನಾಲಿಗೆ ನಮ್ಮ ಕಾಕಾನಿಗಿಲ್ಲ. ಕೊಪ್ಪಳ ಮುಟ್ಟಿದಾಗ ಗಾಡಿಯ ತುಂಬ ಜನ, ಶೇಂಗಾ ಚೀಲ, ಕೊನೆಗೆ ಸಂತೆಗೆ ಹೊರಟ ಒಂದು ಆಡು. ಜಾಹೀರಾತಿನಲ್ಲಿ ಹದ್ದು ಕೂಗಿದ ಜಾಗದಲ್ಲಿ ಇಲ್ಲಿ ಆಡು ಕೂಗುತ್ತಿತ್ತು.

ಹಿಂದೆಂದೋ ಲೈಸೆನ್ಸ್ ತೆಗೆಸಿಟ್ಟಿದ್ದರೂ ಕಾಕಾನಿಗೆ ಗಾಡಿ ಓಡಿಸುವ ಭಯ ಹೋಗಿರಲಿಲ್ಲ. ಎದುರಿಗೆ ಲಾರಿ ಬಂದರೆ ಬದಿಗೆ ನಿಲ್ಲಿಸಿ, ಅದು ಕಣ್ಮರೆಯಾದ ಮೇಲೆ ಹೊರಡುತ್ತಿದ್ದರು. ಹಾರ್ನ್ ಹೊಡೆದರೆ ಮಂದಿ ಬೇಜಾರಾಗುತ್ತಾರೆಂದು ದನದ ಹಿಂಡಿನ ಹಿಂದೆಯೇ ದನದ ಹೆಜ್ಜೆಯಲ್ಲಿ ಹೋಗುತ್ತಿದ್ದರು. ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು. ಕಾಕುವಿನ ಜೀವ ಕೈಯಲ್ಲಿತ್ತು.

ದಾರಿ ನೋಡಿ ಬರೋಣವೆಂದು ಒಂದು ಭಾನುವಾರ ಕಾಕಾ, ಕಾಕು, ಮನೆಯ ಮಗಳಾದ ನಾನು ಮೂವರೂ ಬೇವೂರಿನ ಕಡೆ ಹೋದೆವು. ಅಲ್ಲೊಂದು ಹಳ್ಳ ಸಿಕ್ಕಿತು. ಪಕ್ಕದಲ್ಲೇ ಸೇತುವೆ ಇತ್ತು! ಆದರೆ ಜಾಹೀರಾತಿನವನು ಸೇತುವೆಯ ಮೇಲೆ ಹೋಗುವುದಿಲ್ಲವಲ್ಲ. ಕಾಕಾ ಕಣ್ಣು ಮುಚ್ಚಿ ಇಳಿಸಿಯೇಬಿಟ್ಟರು. ಹಿಂದಿನ ರಾತ್ರಿ ಬೇಸಿಗೆಯ ಅಡ್ಡಮಳೆ ಬಿದ್ದಿತ್ತು. ಎರೆ ಮಣ್ಣಿನಲ್ಲಿ ಗಾಲಿ ಅರ್ಧ ಹೂತುಹೋದವು. ಕೊನೆಗೆ ಹತ್ತಿರದ ಹೊಲದವರೊಬ್ಬರು ಎತ್ತು ತಂದು ಹಗ್ಗ ಕಟ್ಟಿದರು.

"ಟೀವ್ಯಾಗ ಈ ಗಾಡಿ ನೋಡೀನ್ರಿ ಸಾಹೇಬ್ರ. ಎತ್ತು ತೋರಸೂದಿಲ್ಲ ನೋಡ್ರಿ ಅವರು!"

ಕಾಕಾ, ನಾನು ಹಿಂದಿನಿಂದ ನೂಕಬೇಕಿತ್ತು. ಸ್ಟೇರಿಂಗ್ ಹಿಡಿಯಲು ಉಳಿದವರು ಕಾಕು ಒಬ್ಬರೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತರು. ಎತ್ತು ಎಳೆದ ಕಡೆ ತಿರುಗಿಸುತ್ತಾ ಗಾಡಿಯನ್ನು ದಂಡೆಗೆ ತಂದು ನಿಲ್ಲಿಸಿದರು. ಮೈಯೆಲ್ಲ ಕೆಸರಾದ ಕಾಕಾ ಅವರ ಮೋರೆ ನೋಡಿದರು. ಇಷ್ಟು ದಿನಗಳ ಮೇಲೆ ಕಾಕು ನಗುತ್ತಿದ್ದರು.

"ಇಳಿಬ್ಯಾಡ," ಎಂದರು ಕಾಕಾ. "ಕುಂತಿರು. ಕಲಿ."

ಗಂಗಾವತಿಯ ಡ್ರೈವಿಂಗ್ ಸ್ಕೂಲಿಗೆ ತಾವೇ ಕರೆದುಕೊಂಡು ಹೋದರು. ಬಣವೆಯ ಬಯಲಿನಲ್ಲಿ ಕಾಕು ಸುತ್ತು ಹಾಕುವಾಗ ತಾವೇ ನಿಂತು ಕೋಳಿಗಳನ್ನು ಓಡಿಸಿದರು. ಕಾಕುವಿನ ಕಲಿಕೆಯ ಲೈಸೆನ್ಸ್ ಕೈಗೆ ಬಂದ ದಿನ ದೊಡ್ಡಪ್ಪ ಕಾಕಾನನ್ನು ಎದುರಿಗೆ ಕೂರಿಸಿಕೊಂಡರು.

"ಮನಿ ಹೆಣ್ಮಗಳು ಗಾಡಿ ಹೊಡದ್ರ ಊರ ಮಂದಿ ನಗತಾರ. ತಲಿ ಎತ್ತಿ ಅಡ್ಡಾಡೂದು ಬ್ಯಾಡೇನು ನಾವು?"

ಕಾಕಾ ಕುರ್ಚಿಯಲ್ಲಿ ನಿಧಾನವಾಗಿ ಹಿಂದೆ ಸರಿದರು. ಬೆನ್ನು ಕುರ್ಚಿಗೆ ತಾಗಿತು.

"ಗಾಡಿ ನಂದ್ರಿ ಅಣ್ಣಾ. ಕೀಲಿ ಆಕೀದು."

ಕೈ ಮಾತ್ರ ಕುರ್ಚಿಯ ಹಿಡಿಕೆ ಬಿಟ್ಟಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ದೊಡ್ಡಪ್ಪ ಬಸಿಯಲ್ಲಿ ಆಗಲೇ ಆರಿದ್ದ ಚಹಾವನ್ನು ಮತ್ತೆ ಊದತೊಡಗಿದರು.

ಶಾಲೆ ಶುರುವಾದ ದಿನ ಯಲಬುರ್ಗಾದಲ್ಲಿ ಕೆಲಸವಿದ್ದ ನಾನೂ ಹಿಂದಿನ ಸೀಟು ಹತ್ತಿದೆ. ಕಾಕು ಸ್ಟೇರಿಂಗ್ ಮುಂದೆ ಕೂತಿದ್ದರು. ಆಗ ಒಳಗಿನಿಂದ ಕಾಕಾ ಬಂದರು. ಮತ್ತೆ ಅದೇ ತೊಗಲಿನ ಜಾಕೆಟ್ಟು! ಅದೇ ಕರೀ ಕನ್ನಡಕ! ಬಂದು ಎಡಗಡೆ ಸೀಟಿನಲ್ಲಿ ಕೂತು, ಕಾಕುವಿನ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ಅಗಸಿ ಕಟ್ಟೆಯ ಮಂದಿ ಬಿದ್ದು ಬಿದ್ದು ನಕ್ಕರು. "ಏನ್ರೀ ಹೀರೋ, ಬಿಸಲಾಗ ಬೇಯಾಕತ್ತೀರೇನ್ರೀ?" ಎಂದು ಒಬ್ಬ ಕೂಗಿದ. ಕಾಕಾ ಕಿಟಕಿಯಿಂದ ಹೊರಗೆ ವಾಲಿ ಎಲ್ಲರಿಗೂ ಕೈ ಬೀಸಿದರು. ನನಗೆ ನಾಚಿಕೆಯಿಂದ ಸೀಟಿನ ಕೆಳಗೆ ತೂರಿಕೊಳ್ಳುವಂತಾಯಿತು.

ಊರು ದಾಟಿದ್ದೇ ತಡ, ಜಾಕೆಟ್ಟು ಬಿಚ್ಚಿದರು. ಒಳಗಿನ ಅಂಗಿ ತೊಯ್ದು ತೊಪ್ಪೆಯಾಗಿತ್ತು. ಮುಂದಿನ ಹಳ್ಳಿ ಕಂಡದ್ದೇ ಮತ್ತೆ ತೊಟ್ಟುಕೊಂಡರು. ನನಗೆ ತಡೆಯಲಾಗಲಿಲ್ಲ.

"ಯಾಕ್ರಿ ಕಾಕಾ, ಇನ್ನೂ ಆ ಜಾಹೀರಾತಿನ ಹುಚ್ಚು ಹೋಗಿಲ್ಲೇನ್ರಿ? ಮಂದಿ ಹೆಂಗ ನಗಾಕತ್ತಾರ ನೋಡ್ರಿ!"

ಕಾಕಾ ಎರಡೂ ಕೈಯಿಂದ ಕಿಟಕಿಯ ಮೇಲಿನ ಹಿಡಿಕೆ ಹಿಡಿದುಕೊಂಡಿದ್ದರು. ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

"ಮಂದಿ ಹೆಂಗೂ ನಗತಾರ ಯವ್ವಾ," ಎಂದರು ಮೆಲ್ಲಗೆ. "ನನ್ನ ನೋಡಿ ನಗಲಿ ಬಿಡು. ಆಕಿ ಆರಾಮ ರಸ್ತಾ ನೋಡ್ತಾಳ."

ಕಾಕು ರಸ್ತೆಯನ್ನೇ ನೋಡುತ್ತಿದ್ದರು. ಕಣ್ಣೊರೆಸಿಕೊಳ್ಳಲು ಒಮ್ಮೆ ಕೈ ಎತ್ತಿದರು, ಅಷ್ಟೇ.

"ಎರಡೂ ಕೈ ಸ್ಟೇರಿಂಗ್ ಮ್ಯಾಲೆ!" ಎಂದು ನಮ್ಮ ಗಂಡುಗಲಿ ಚಿಟ್ಟನೆ ಚೀರಿದರು.