ಅತ್ತೆಯ ಪುಕ್ಕಟೆ ಫೋಟೋ

ನಮ್ಮ ಸೋದರತ್ತೆ ಎದುರಿಗೆ ಬಂದರೆ ಮಾಟುಂಗದ ನಮ್ಮ ಚಾಳಿನ ವಠಾರದಲ್ಲಿ ಬಂದ ಕೆಮ್ಮೂ ವಾಪಸ್ ಹೋಗುತ್ತಿತ್ತು! ಕೆಮ್ಮಿದಿರೋ, ಮುಗಿಯಿತು. ಎಷ್ಟು ದಿನದಿಂದ, ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ ಎಂದು ಮೆಟ್ಟಿಲ ಮೇಲೇ ವಿಚಾರಣೆ. ಈ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿರಲಿಲ್ಲ. ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ತಡೆಯುವ ಧೈರ್ಯವಾದರೂ ಯಾರಿಗಿತ್ತು?

ಅದು ಐವತ್ತರ ದಶಕ. ಎದೆಯ ಎಕ್ಸ್‌ರೇ ತೆಗೆಯುವ ಗಾಡಿ ನಮ್ಮ ಕನ್ನಡ ಸಂಘದ ಅಂಗಳಕ್ಕೆ ಬರುತ್ತದೆಂದು ಗೊತ್ತಾಯಿತು. ಹದಿಹರೆಯದವರೆಲ್ಲ ತೆಗೆಸಿಕೊಳ್ಳಲೇಬೇಕೆಂದು ಅತ್ತೆ ಹಟ ಹಿಡಿದರು. ಗಂಡುಹುಡುಗರೇನೋ ಬಂದಾರು. ಹೆಣ್ಣು ಹೆತ್ತವರು ಒಪ್ಪಬೇಕಲ್ಲ? ಕ್ಷಯ ಎಂದರೆ ಸಾಕು, ಗಂಡಿನ ಕಡೆಯವರು ಕಾಫಿ ಕುಡಿಯದೆ ಎದ್ದು ಹೋಗುತ್ತಿದ್ದ ಕಾಲ! ಅದಕ್ಕೇ ಅತ್ತೆ ಎಕ್ಸ್‌ರೇ ಎಂಬ ಮಾತನ್ನೇ ಎತ್ತದೆ, ಭಾನುವಾರ ಸಂಘದಲ್ಲಿ ಪುಕ್ಕಟೆ ಫೋಟೋ ತೆಗೆಯುತ್ತಾರೆಂದು ಮನೆಮನೆಗೂ ಸಾರಿಬಂದರು. ಸುಳ್ಳೇನಲ್ಲವಲ್ಲ!

ಕೇಳಬೇಕೆ? ಗಂಡಿನ ಮನೆಗೆ ಕಳಿಸಲೊಂದು ಫೋಟೋ ಆಯಿತೆಂದು ಇಪ್ಪತ್ತೆರಡು ಹುಡುಗಿಯರು ರೇಷ್ಮೆ ಸೀರೆಯುಟ್ಟು, ಪೌಡರ್ ಬಳಿದು, ಜಡೆ ಮುಂದೆ ಹಾಕಿಕೊಂಡು ಸಾಲಾಗಿ ನಿಂತೆವು. ಹದಿನಾರರ ನನ್ನ ಕೊರಳಲ್ಲಿ ಅಮ್ಮನ ಕಾಸಿನ ಸರ! ನರ್ಸ್ ಬಾಯಿ ನಮ್ಮನ್ನು ನೋಡಿ, "ಶಾದಿ ಕಿಸ್ಕೀ ಹೈ?" ಎಂದಳು, ಮದುವೆ ಯಾರದೆಂದು! ಒಡವೆ ಬಿಚ್ಚಿ ಹಲಗೆಗೆ ಎದೆಯೊತ್ತಿ ನಿಲ್ಲಬೇಕೆಂದಾಗಲೇ ನಮಗೆ ವಿಷಯ ತಿಳಿದದ್ದು. ಮುಖ ಬರುತ್ತದೆಯೇ ಎಂದು ಒಬ್ಬಳು ಆಗಲೂ ಕೇಳಿದಳಂತೆ! ತಾಯಂದಿರು ಅತ್ತೆಯ ಮೇಲೆ ಹರಿಹಾಯ್ದರು. ಅತ್ತೆ ಗೇಟಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತವರು, ಕೊನೆಯ ಹುಡುಗಿಯದು ಮುಗಿಯುವ ತನಕ ಏಳಲಿಲ್ಲ.

ಹತ್ತು ದಿನದ ಮೇಲೆ ರಿಪೋರ್ಟು ಬಂತು. ಇಪ್ಪತ್ತೊಂದು ಜನಕ್ಕೆ ಏನೂ ಇರಲಿಲ್ಲ. ನನ್ನ ಎಡ ಶ್ವಾಸಕೋಶದಲ್ಲಿ ಸಣ್ಣದೊಂದು ಕಲೆ ಇತ್ತು. ಬೇಗ ಸಿಕ್ಕಿದೆ, ಇಂಜೆಕ್ಷನ್ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಅಮ್ಮನಿಗೆ ಆ ಮಾತು ಕಿವಿಗೇ ಬೀಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ ಅತ್ತೆಯ ಮುಂದೆ ಅತ್ತಳು.

"ಯಾರಿಗೂ ಹೇಳ್ಬೇಡಿ ಅತ್ತಿಗೆ. ಗೊತ್ತಾದ್ರೆ ಇವಳನ್ನ ಯಾರು ಮಾಡ್ಕೋತಾರೆ?"

ಅತ್ತೆ ಈಗ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಅವರ ಒಬ್ಬಳೇ ಮಗಳು ವಿಷಮಜ್ವರದಲ್ಲಿ ಹೋದಳೆಂದೇ ನಾವೆಲ್ಲ ತಿಳಿದಿದ್ದೆವು.

"ಅದು ವಿಷಮಜ್ವರ ಅಲ್ಲ ಕಣೆ," ಎಂದರು. "ನಾನೂ ಹೀಗೇ ಮುಚ್ಚಿಟ್ಟೆ."

ಮರುದಿನ ಬೆಳಿಗ್ಗೆ ಆಸ್ಪತ್ರೆಗೆಂದು ಅತ್ತೆ ನನ್ನನ್ನು ಲೋಕಲ್ ಹತ್ತಿಸಿದರು. ಲೇಡೀಸ್ ಡಬ್ಬದಲ್ಲಿ ಪರಿಚಯದವರೊಬ್ಬರು ಎಲ್ಲಿಗೆ ಹೊರಟಿರೆಂದು ಕೇಳಿದರು. ನಾನು ತಲೆ ತಗ್ಗಿಸಿದೆ.

"ಇವಳಿಗೆ ಕ್ಷಯ. ಇಂಜೆಕ್ಷನ್ನಿಗೆ ಹೋಗ್ತಿದೀವಿ. ವಾಸಿಯಾಗತ್ತೆ," ಎಂದು ಅತ್ತೆ ಇಡೀ ಡಬ್ಬಕ್ಕೆ ಕೇಳುವಂತೆ ಹೇಳಿದರು. ಹಿಡಿದ ನನ್ನ ಕೈಯನ್ನು ಆಸ್ಪತ್ರೆ ಬರುವ ತನಕ ಬಿಡಲಿಲ್ಲ.